ರಫೂ ಅಕ್ಕ ಕಳೆದುಕೊಂಡ ನೀಲಿ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಬೆರಳೆಣಿಕೆಯ ಮಂದಿ. ಉಳಿದವರಿಗೆಲ್ಲ ಅವಳು ರಫೂ ಅಕ್ಕ. ಸಿಗರೇಟಿನ ಕಿಡಿ ಬಿದ್ದು ಕೋಟು ತೂತಾಗಲಿ, ಉಣ್ಣೆಯ ಶಾಲನ್ನು ಹುಳು ತಿನ್ನಲಿ, ಮೊಳೆಗೆ ಸಿಕ್ಕಿ ಪ್ಯಾಂಟಿನ ಮಂಡಿ ಹರಿಯಲಿ, ಅವಳ ಕೈಗೆ ಒಮ್ಮೆ ಹೋಗಿಬಂದರೆ ಹರಿದದ್ದು ಎಲ್ಲಿ ಎಂದು ಹರಿದುಕೊಂಡವರಿಗೇ ಗೊತ್ತಾಗುತ್ತಿರಲಿಲ್ಲ. ಬಟ್ಟೆಯ ಒಳ ಅಂಚಿನಲ್ಲೇ ನಾಲ್ಕು ಎಳೆ ಸಿಕ್ಕರೆ ಕೆಲಸ ಸಲೀಸು. ಹಳೆಯ ಬಟ್ಟೆಗಳಲ್ಲಿ ಅದು ಸಿಗುವುದು ಅಪರೂಪ. ಆಗ ಹೊಂದುವ ದಾರ ಹುಡುಕಬೇಕು. ಅವಳ ಹೆಚ್ಚುಗಾರಿಕೆ ಇದ್ದದ್ದೇ ಅಲ್ಲಿ. ಬಟ್ಟೆಯನ್ನು ಒಮ್ಮೆ ದಿಟ್ಟಿಸಿ ದಾರದ ಪೆಟ್ಟಿಗೆಗೆ ಕೈ ಹಾಕಿದರೆ ಸರಿಯಾದ ಉಂಡೆಯೇ ಬೆರಳಿಗೆ ಬರುತ್ತಿತ್ತು.

"ನಮ್ಮಕ್ಕನ ಕಣ್ಣಿಗೆ ನೀಲಿಯಲ್ಲೇ ನಲವತ್ತು ಜಾತಿ," ಎಂದು ಅವಳ ತಮ್ಮ ಅಂಗಡಿಯ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

"ನಲವತ್ತೊಂದು!" ಎಂದು ಅವಳು ಮೇಲಿನಿಂದಲೇ ಕೂಗುತ್ತಿದ್ದಳು.

ತಮ್ಮನದು ಡ್ರೈಕ್ಲೀನಿಂಗ್ ಅಂಗಡಿ. ಅದರ ನೆತ್ತಿಯ ಮೇಲಿನ ಕೋಣೆಯಲ್ಲಿ ಅಕ್ಕ. ತಾಯಿ ತೀರಿಕೊಂಡಾಗ ತಮ್ಮನಿಗೆ ಇನ್ನೂ ಹಾಲುಹಲ್ಲು. ಅವನ ಮೂಗು ಒರೆಸಿ, ಬೆನ್ನು ಉಜ್ಜಿ, ಹೊಡೆದು, ಮುದ್ದಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ನಡುವೆ ಅವಳದೂ ಒಂದು ಮದುವೆ ಆಯಿತು. ಗಂಡ ಬಸ್ಸಿನ ಡ್ರೈವರ್, ಒಳ್ಳೆಯ ಮನುಷ್ಯ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವನು ಎದೆ ಹಿಡಿದುಕೊಂಡು ಒರಗಿದ, ಮತ್ತೆ ಏಳಲಿಲ್ಲ. ತಮ್ಮ ಬಂದು ಅವಳ ಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ಕರೆತಂದ. ಆಗ ಅವನದು ಬರೀ ಇಸ್ತ್ರಿ ಅಂಗಡಿ. ಹೊಟ್ಟೆಬಟ್ಟೆ ಕಟ್ಟಿ ಒಂದು ಒಗೆಯುವ ಯಂತ್ರ ಕೊಂಡ, ಮೇಲೊಂದು ಕೋಣೆ ಕಟ್ಟಿಸಿದ. "ಅಕ್ಕ ಯಾವಾಗಲೂ ನನ್ನ ತಲೆ ಮೇಲೇ ಇರಬೇಕು, ಬೇರೆ ಕಡೆ ಬಿಟ್ಟರೆ ಕೆಟ್ಟುಹೋಗ್ತೀನಿ," ಎಂದು ನಗಿಸಿದ.

ಆ ಕೋಣೆಯೆಂದರೆ ಅವಳಿಗೆ ಪ್ರಾಣ. ಹಿಂಬದಿಯ ಓಣಿಗೆ ತೆರೆಯುವ ಒಂದೇ ಕಿಟಕಿ, ಅದರ ಪಕ್ಕ ಕುರ್ಚಿ, ಎದುರಿಗೆ ಮರದ ಮೇಜು. ಗೋಡೆಯುದ್ದಕ್ಕೂ ಒಂದು ಕಬ್ಬಿಣದ ಸಲಾಕೆ. ಯಂತ್ರದಿಂದ ಆಗಷ್ಟೇ ತೆಗೆದ ಬಟ್ಟೆಗಳಲ್ಲಿ ರಫೂ ಬೇಕಾದವನ್ನು ಕೆಳಗಿನಿಂದ ತಂದು ಅಲ್ಲಿ ನೇತುಹಾಕುತ್ತಿದ್ದರು. ಚಳಿಗಾಲದಲ್ಲಿ ಕೆಳಗಿನ ಯಂತ್ರದ ಕಾವಿಗೆ ನೆಲ ಬೆಚ್ಚಗಿರುತ್ತಿತ್ತು. ಜೊತೆಗೆ ನವಿರಾದ ಸಿಹಿ ವಾಸನೆ. ಅದು ಕೊಳೆ ಕರಗಿಸಲು ಯಂತ್ರದಲ್ಲಿ ನೀರಿನ ಬದಲು ಬಳಸುವ ಸಾಲ್ವೆಂಟ್ ಎಂಬ ದ್ರವದ್ದು. ಅವಳಿಗೆ ಮಾತ್ರ ಅದು ಶುಭ್ರತೆಯ ವಾಸನೆ. ಬೇರೆಯವರ ಮನೆಗೆ ಹೋದರೆ, "ಏನೋ ಕಮಟು ಕಮಟಪ್ಪ," ಎಂದು ಮೂಗು ಮುರಿದು ಬೇಗ ವಾಪಸು ಬಂದುಬಿಡುತ್ತಿದ್ದಳು.

ತಮ್ಮನ ಮಗಳು ಗುಬ್ಬಿಯೂ ಅವಳ ಕೋಣೆಗೇ ಅಂಟಿಕೊಂಡಿದ್ದಳು. ಕಾಲೇಜಿಗೆ ಹೋಗುವ ಹುಡುಗಿ. ಅಪ್ಪ ಅಮ್ಮನ ಮನೆ ಅಂಗಡಿಯ ಪಕ್ಕದಲ್ಲೇ ಇದ್ದರೂ ಓದು, ನಿದ್ದೆ, ಜಗಳ, ಎಲ್ಲ ಅತ್ತೆಯ ಹತ್ತಿರ.

ಕೆಡುಕು ಕಾಣಿಸಿಕೊಂಡದ್ದು ಒಬ್ಬ ವಕೀಲರ ಕೋಟಿನಲ್ಲಿ. ಹಳೆಯ ಗಿರಾಕಿ, ಮೆಲುಮಾತಿನವರು. ಕೋಟನ್ನು ಕೌಂಟರಿನ ಮೇಲೆ ಹರಡಿ, "ಅಕ್ಕಾವ್ರು ತಮಾಷೆ ಮಾಡಿದಾರೇನೋ ಅಂತ ಕೇಳೋಕೆ ಬಂದೆ," ಎಂದರು. ಕಡುನೀಲಿ ಕೋಟು. ಮೊಣಕೈ ಹತ್ತಿರ ಬೆರಳಗಲ ರಫೂ. ಎಳೆ ಎಳೆಯೂ ಅಚ್ಚುಕಟ್ಟು. ಆದರೆ ದಾರ ಹಸಿರು!

ತಮ್ಮ ಅದನ್ನು ಮೇಲೆ ತಂದ. ಅಕ್ಕ ಕಿಟಕಿಗೆ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು.

"ಸರಿಯಾಗೇ ಇದೆಯಲ್ಲೋ. ಎಲ್ಲಿ ಹಸಿರು?"

ತಮ್ಮ ಅವಳ ಮುಖ ನೋಡಿದ. ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದ ಮೇಲೆ ಏನು ಹೇಳಬೇಕೋ ತೋಚದೆ, "ಬೆಳಕು ಸರಿಯಿಲ್ಲ ಬಿಡು," ಎಂದು ಇಳಿದುಹೋದ.

ಅವಳಿಗೂ ಅನುಮಾನ ಹುಟ್ಟಿತ್ತು. ಆದರೂ ಒಪ್ಪಿಕೊಳ್ಳುವ ಜಾಯಮಾನವಲ್ಲ. ಮೊದಲು ಬಲ್ಬನ್ನು ಬೈದಳು. ಆಮೇಲೆ ದಾರ ಮಾರುವವನನ್ನು ಬೈದಳು. ಕೊನೆಗೆ ಸಿಟ್ಟೆಲ್ಲ ಗುಬ್ಬಿಯ ಮೇಲೆ ತಿರುಗಿತು. "ನನ್ನ ಪೆಟ್ಟಿಗೆ ಕಲಸಿ ಹಾಕಿದ್ದೀಯ! ನೀಲಿ ಖಾನೆಗೆ ಹಸಿರು ತುರುಕಿದ್ದೀಯ!" ಹುಡುಗಿ, "ನಾನು ಮುಟ್ಟೇ ಇಲ್ಲ ಅತ್ತೆ," ಎಂದು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಗುಬ್ಬಿ ಅತ್ತುಕೊಂಡು ಮನೆಗೆ ಓಡಿದವಳು ಒಂದು ವಾರ ಮೇಲೆ ಬರಲಿಲ್ಲ. ಬಂದ ಮೇಲೆ ಅತ್ತೆಯ ರೀತಿಯೇ ಬದಲಾಗಿತ್ತು. "ಆ ನೀಲಿ ಉಂಡೆ ಎತ್ತಿಕೊಡೇ, ಕೈಗೆ ಎಟುಕ್ತಿಲ್ಲ," ಎನ್ನುವಳು. ಉಂಡೆ ಕೈಯಳತೆಯಲ್ಲೇ ಇರುತ್ತಿತ್ತು. ಗುಬ್ಬಿಗೆ ಅರ್ಥವಾಗಲಿಲ್ಲ. ಅವಳಿಗೆ ಆಗಾಗ ತಲೆನೋವು ಬೇರೆ. "ಪುಸ್ತಕ ತೆಗೆದ ಕೂಡಲೇ ಬರುತ್ತೆ ನೋಡು ಇವಳ ತಲೆನೋವು," ಎಂದು ಮನೆಯವರೆಲ್ಲ ಛೇಡಿಸುತ್ತಿದ್ದರು.

ಹೀಗಿರುವಾಗ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಹೆಗಲಿಗೊಂದು ಚೀಲ, ಚಪ್ಪಟೆ ಚಪ್ಪಲಿ, ಕೂದಲಲ್ಲಿ ಮರೆತು ಸಿಕ್ಕಿಸಿಕೊಂಡ ಪೆನ್ಸಿಲ್ಲು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಸಂಶೋಧನೆಯನ್ನೂ ಮಾಡುವವಳು. ಅವಳು ಚೀಲದಿಂದ ತೆಗೆದದ್ದು ಕೆಲವು ರಬ್ಬರಿನ ಕೈಪಟ್ಟಿಗಳನ್ನು. ಅಂದಿನಿಂದ ಅವಳ ಹೆಸರೂ ಪಟ್ಟಿ ಮೇಡಂ ಎಂದೇ ಆಯಿತು.

"ಸರ್ಕಾರ ಒಂದು ಬಹುಮಾನದ ಸ್ಪರ್ಧೆ ಇಟ್ಟಿದೆ," ಎಂದು ಅವಳು ಶುರುಮಾಡಿದಳು.

"ಓಟದ ಸ್ಪರ್ಧೆ ಕೇಳಿದ್ದೀನಿ, ಹಾಡಿನ ಸ್ಪರ್ಧೆ ಕೇಳಿದ್ದೀನಿ," ಎಂದ ಡ್ರಮ್ಮಣ್ಣ. ಅವನು ಯಂತ್ರ ನಡೆಸುವವನು. ಯಂತ್ರದ ಡ್ರಮ್ಮಿನಂತೆಯೇ ಹೊಟ್ಟೆ ಇದ್ದದ್ದರಿಂದ ಆ ಹೆಸರು. "ಇದು ಯಾತರದು?"

"ರಾಸಾಯನಿಕಗಳ ಜೊತೆ ಬದುಕೋರಿಗೆ ಏನಾಗುತ್ತೆ ಅಂತ ಕಂಡುಹಿಡಿಯೋದು. ಯಾರ ಮೈಗೆ ಯಾವುದು ಎಷ್ಟು ತಾಗಿದೆ, ಅದರಿಂದ ಅವರ ದೇಹದಲ್ಲಿ ಏನು ಬದಲಾಗಿದೆ, ಎರಡನ್ನೂ ಒಬ್ಬರಲ್ಲೇ ಸುಲಭವಾಗಿ ತೋರಿಸೋ ದಾರಿ ಯಾರು ಕೊಡ್ತಾರೋ ಅವರಿಗೆ ಬಹುಮಾನ. ಮೊದಲ ಸುತ್ತಲ್ಲಿ ಯೋಜನೆ ಕಳಿಸಿದ್ವಿ, ಗೆದ್ವಿ. ಆ ಹಣದಲ್ಲೇ ಈ ಪಟ್ಟಿಗಳು. ಇನ್ನು ಎರಡನೇ ಸುತ್ತಿಗೆ ನಿಜವಾದ ಜನರ ಮೇಲೆ ಮಾಡಿ ತೋರಿಸಬೇಕು."

ಪಟ್ಟಿಯನ್ನು ಕೈಗೆ ಹಾಕಿಕೊಂಡು ಓಡಾಡಿದರೆ ಗಾಳಿಯಲ್ಲಿರುವುದನ್ನೆಲ್ಲ ಅದು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ, ಆಮೇಲೆ ಪ್ರಯೋಗಾಲಯದಲ್ಲಿ ಅದರಿಂದ ಹೊರತೆಗೆದು ಅಳೆಯಬಹುದು ಎಂದು ವಿವರಿಸಿದಳು. ಜೊತೆಗೆ ಬಣ್ಣ ಗುರುತಿಸುವ ಸಣ್ಣ ಪರೀಕ್ಷೆ. ಕೆಲವು ಸಾಲ್ವೆಂಟುಗಳು ವರ್ಷಗಟ್ಟಲೆ ಒಳಗೆ ಹೋದರೆ ಕಣ್ಣಿನ ಬಣ್ಣದ ಶಕ್ತಿ ಮೆಲ್ಲಗೆ ಕುಂದುತ್ತದಂತೆ.

ತಮ್ಮನ ಹುಬ್ಬು ಗಂಟಾಯಿತು. "ನನ್ನ ಅಂಗಡಿಗೆ ಬೀಗ ಹಾಕ್ಸೋಕೆ ಬಂದಿದ್ದೀರೇನಮ್ಮ?"

"ಇಲ್ಲ ಅಣ್ಣ. ಅಂಗಡಿ ಹೆಸರು ಎಲ್ಲೂ ಬರಲ್ಲ."

"ನಮ್ಮಲ್ಲಿ ಅಂಥದ್ದೇನೂ ಇಲ್ಲ. ಮುಂಚೆ ಹುಡುಗರಿಗೆ ತಲೆ ಸುತ್ತುತ್ತೆ ಅಂತಿದ್ರು. ಲೇಬರ್ ಇಲಾಖೆಯ ಇನ್‌ಸ್ಪೆಕ್ಟರು ಹೇಳಿದ್ದೇ ತಡ ದೊಡ್ಡ ಫ್ಯಾನ್ ಹಾಕ್ಸಿ, ಹಿಂದುಗಡೆ ಗೋಡೆಗೆ ಕೊಳವೆ ಏರಿಸಿ, ಹೊಗೆಯೆಲ್ಲ ಆಚೆ ಕಳಿಸ್ತಿದ್ದೀನಿ. ಕೇಳಿ ಬೇಕಾದ್ರೆ." ಅವನ ದನಿಯಲ್ಲಿ ಹೆಮ್ಮೆಯಿತ್ತು, ಅದು ಸುಳ್ಳು ಹೆಮ್ಮೆಯೂ ಅಲ್ಲ. ಕೆಲಸದವರಿಗಾಗಿ ಅಷ್ಟು ಮಾಡಿದ ಅಂಗಡಿ ಆ ಸುತ್ತಿನಲ್ಲಿ ಬೇರೊಂದಿರಲಿಲ್ಲ.

ಮಾತು ಕೇಳಿಸಿಕೊಂಡು ಅಕ್ಕ ಮಂಡಿನೋವನ್ನೂ ಲೆಕ್ಕಿಸದೆ ಇಳಿದು ಬಂದಿದ್ದಳು. "ನನಗೂ ಒಂದು ಬಳೆ ಹಾಕಮ್ಮ. ಎಷ್ಟೋ ವರ್ಷ ಆಯ್ತು ಯಾರೂ ಬಳೆ ತೊಡಿಸಿಲ್ಲ."

ಪಟ್ಟಿ ಮೇಡಂ ಮುಖ ಅರಳಿತು. "ನೀವು ಯಂತ್ರದ ಕೆಲಸ ಮಾಡ್ತೀರಾ?"

"ನಾನಾ? ಸಾಲ್ವೆಂಟು ಹೇಗಿರುತ್ತೆ ಅಂತ ಕಣ್ಣಲ್ಲೂ ನೋಡಿಲ್ಲ. ಮೇಲೆ ನನ್ನ ಪಾಡಿಗೆ ನಾನು."

"ಹಾಗಾದ್ರೆ ನೀವು ಬೇಕೇ ಬೇಕು. ಕೆಲಸದವರ ಜೊತೆ ಹೋಲಿಸಿ ನೋಡೋಕೆ ಆ ಕೆಲಸ ಮಾಡದೋರು ಬೇಕು. ಅದೇ ಬೀದಿ, ಅದೇ ನೀರು, ಹೆಚ್ಚುಕಮ್ಮಿ ಅದೇ ವಯಸ್ಸು."

"ಅಂದ್ರೆ ಡ್ರಮ್ಮಣ್ಣ ಕೊಳೆ ಬಟ್ಟೆ, ನಾನು ಮಡಿ ಬಟ್ಟೆ!"

ಅಂಗಡಿಯೆಲ್ಲ ಗೊಳ್ಳೆಂದಿತು. ಅವಳು ಮೊಳಕೈವರೆಗೂ ತೋಳು ಮಡಿಸಿ ಕೈ ಚಾಚಿದಳು. ಹಾಗೆಯೇ ಎಲ್ಲರಿಗೂ ಪಟ್ಟಿ ಬಂತು. ಗುಬ್ಬಿ ಮಾತ್ರ ಕಾಲೇಜಿನಲ್ಲಿದ್ದದ್ದರಿಂದ ತಪ್ಪಿಸಿಕೊಂಡಳು.

ಬಣ್ಣದ ಪರೀಕ್ಷೆ ಮುಂದಿನ ವಾರ, ಹಗಲು ಬೆಳಕಿನಲ್ಲಿ, ಅಂಗಡಿಯ ಮುಂಬಾಗಿಲ ಹತ್ತಿರ. ಒಂದು ಉದ್ದನೆಯ ತಟ್ಟೆ, ಅದರೊಳಗೆ ಗುಂಡಿಯಂಥ ಬಿಲ್ಲೆಗಳು. ಮೊದಲ ಬಿಲ್ಲೆ ಅಲುಗದಂತೆ ಕೂತಿರುತ್ತದೆ. ಉಳಿದವನ್ನು ಒಂದರ ಬಣ್ಣ ಇನ್ನೊಂದಕ್ಕೆ ಮೆಲ್ಲನೆ ಬೆರೆಯುವ ಹಾಗೆ ಸಾಲಾಗಿ ಜೋಡಿಸಬೇಕು. ಡ್ರಮ್ಮಣ್ಣ ನಾಲಿಗೆ ಕಚ್ಚಿಕೊಂಡು ಜೋಡಿಸಿದ. ಒಂದೆರಡು ಕಡೆ ಎಡವಿದ, ಅಷ್ಟೆ. ಇಸ್ತ್ರಿ ಮಾಡುವ ಹೆಂಗಸಿನದೂ ಹಾಗೆಯೇ.

"ಈಗ ನೋಡಿ ಉಸ್ತಾದರ ಆಟ," ಎಂದ ಡ್ರಮ್ಮಣ್ಣ.

ತಪ್ಪು ಕೋಣೆಯ ಬೆಳಕಿನದೇ ಎಂದು ನಂಬಿದ್ದ ಅಕ್ಕ ಸರಸರನೆ ಜೋಡಿಸಿದಳು. ಬೆರಳು ಒಂದು ಕ್ಷಣವೂ ತಡವರಿಸಲಿಲ್ಲ. ಕೊನೆಯ ಬಿಲ್ಲೆ ಇಟ್ಟು, ಕೈ ಕೊಡವಿ, ಚಪ್ಪಾಳೆಗೆ ಕಾಯುವವಳ ಹಾಗೆ ಎಲ್ಲರ ಮುಖ ನೋಡಿದಳು.

ಇಸ್ತ್ರಿಯವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಡ್ರಮ್ಮಣ್ಣನ ನಗು ಮುಖದಲ್ಲೇ ಹೆಪ್ಪುಗಟ್ಟಿತು. ಕಾಲೇಜಿನಿಂದ ಆಗಷ್ಟೇ ಬಂದು ಹಿಂದೆ ನಿಂತಿದ್ದ ಗುಬ್ಬಿ, "ಅತ್ತೆ..." ಎಂದು ತಟ್ಟೆಯ ಕಡೆ ಬೆರಳು ತೋರಿದಳು. ತಟ್ಟೆಯಲ್ಲಿ ನೀಲಿಯ ಪಕ್ಕ ಹಸಿರು, ಅದರ ಪಕ್ಕ ಮತ್ತೆ ನೀಲಿ, ನೇರಳೆಯ ಮಗ್ಗುಲಿಗೆ ಹಳದಿ ಛಾಯೆಯದೊಂದು. ಮಗು ಆಟವಾಡಿ ಎದ್ದುಹೋದ ಹಾಗಿತ್ತು.

"ಏನು? ಏನಾಯ್ತು?" ಎಂದಳು ಅಕ್ಕ.

ಪಟ್ಟಿ ಮೇಡಂ ತಟ್ಟೆ ಕಲಸಿ, "ಇನ್ನೊಂದು ಸಲ ಮಾಡಿ ಅಕ್ಕ, ಹೊರಗೆ ಬಿಸಿಲಲ್ಲಿ ಕೂತು," ಎಂದಳು. ಅಕ್ಕ ಈ ಸಲ ನಿಧಾನವಾಗಿ ಜೋಡಿಸಿದಳು. ಒಂದೊಂದು ಬಿಲ್ಲೆಯನ್ನೂ ಮೂಗಿನ ತುದಿಗೆ ತಂದು ನೋಡಿದಳು. ಸಾಲು ಬೇರೆಯಾಯಿತು, ತಪ್ಪು ಹಾಗೇ ಉಳಿಯಿತು.

"ಇದು ನಿಮಗೆ ನೀಲಿ ಕಾಣಿಸುತ್ತಾ?" ಮೇಡಂ ಒಂದು ಬಿಲ್ಲೆ ಎತ್ತಿ ಕೇಳಿದಳು.

"ಮತ್ತೇನು?"

"ಇದು ಹಸಿರು, ಅಕ್ಕ."

ಅಕ್ಕ ಬಿಲ್ಲೆಯನ್ನು ನೋಡಿದಳು. ಆಮೇಲೆ ಗುಬ್ಬಿಯ ಕಡೆ ತಿರುಗಿದಳು. ಯಾರು ಸುಳ್ಳು ಹೇಳಿದರೂ ಈ ಹುಡುಗಿ ಹೇಳುವುದಿಲ್ಲ. ಗುಬ್ಬಿ ಹೌದೆಂದು ತಲೆಯಾಡಿಸಿದಳು, ಕಣ್ಣು ತುಂಬಿಕೊಂಡಿತ್ತು. ವಕೀಲರ ಕೋಟು, ಬೈಸಿಕೊಂಡ ದಾರದವನು, ಅತ್ತುಕೊಂಡು ಓಡಿದ ಹುಡುಗಿ, ಎಲ್ಲವೂ ಒಟ್ಟಿಗೆ ಬಂದು ಅಕ್ಕನ ಮೇಲೆ ಬಿದ್ದವು. ಈ ಕಣ್ಣನ್ನೇ ನಂಬಿ ಬದುಕಿದವಳು. ಯಾವಾಗ ಹೋಯಿತು? ಕಳ್ಳನಂತೆ ಸದ್ದಿಲ್ಲದೆ ಯಾರು ಒಯ್ದರು? ಹೋದದ್ದೂ ತಿಳಿಯದ ಹಾಗೆ ಹೋಗುತ್ತದೆಯೇ?

"ನಿನ್ನನ್ನ ಬೈದೆನಲ್ಲೇ," ಎಂದಳು ಗುಬ್ಬಿಗೆ.

ಕಣ್ಣಿನ ಡಾಕ್ಟರು ಪೊರೆ ಇಲ್ಲ, ನರದ ಮೇಲೇನೂ ಕಾಣುತ್ತಿಲ್ಲ, ವಯಸ್ಸಿಗೆ ಇಷ್ಟು ಆಗಬಾರದಿತ್ತು ಎಂದರು. ಮನೆಗೆ ಬರುತ್ತಲೇ ತಮ್ಮ, "ವಯಸ್ಸೇ ಇರಬೇಕು ಬಿಡಕ್ಕ," ಎಂದು ಡಾಕ್ಟರು ಹೇಳದೇ ಇದ್ದದ್ದನ್ನು ಹೇಳಿದ. ಅವಳೂ ಅದನ್ನೇ ನಂಬಲು ನೋಡಿದಳು.

ಆ ಸಮಾಧಾನ ಪಟ್ಟಿಗಳ ಫಲಿತಾಂಶ ಬರುವವರೆಗೆ ಮಾತ್ರ. ಪಟ್ಟಿ ಮೇಡಂ ಫೋನಿನಲ್ಲಿ ಹೇಳದೆ ಖುದ್ದಾಗಿ ಬಂದಳು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ಡ್ರಮ್ಮಣ್ಣನ ಪಟ್ಟಿಯಲ್ಲಿ ಸಾಲ್ವೆಂಟು ಇದೆ. ಅದು ಇರಬೇಕಾದ್ದೇ. ಆದರೆ..." ಅವಳು ಅಕ್ಕನನ್ನು ನೋಡಲಾರದೆ ತಮ್ಮನನ್ನು ನೋಡಿದಳು. "ಎಲ್ಲರಿಗಿಂತ ಹೆಚ್ಚು ಇರೋದು ಅಕ್ಕಂದರಲ್ಲಿ. ಡ್ರಮ್ಮಣ್ಣನದಕ್ಕಿಂತ ಎಷ್ಟೋ ಪಾಲು."

"ಸಾಧ್ಯವೇ ಇಲ್ಲ!" ತಮ್ಮ ಕೌಂಟರು ಗುದ್ದಿದ. "ಪಟ್ಟಿ ಅದಲುಬದಲು ಮಾಡಿದ್ದೀರಿ. ಎಲ್ಲಾ ಒಂದೇ ಥರ ಇದ್ವು."

"ನಾನೂ ಹಾಗೇ ಅಂದುಕೊಂಡೆ ಅಣ್ಣ. ದೇವರೇ, ತಪ್ಪಾಗಿರಲಿ ಅಂದುಕೊಂಡೆ. ಅದಕ್ಕೇ ಹೊಸ ಪಟ್ಟಿಗಳು ತಂದಿದ್ದೀನಿ."

ಈ ಸಲ ಅಕ್ಕ ತನ್ನ ಪಟ್ಟಿಯ ಸುತ್ತ ಬಿಳಿ ದಾರದ ಗಂಟು ಹಾಕಿ, "ಇದನ್ನ ಯಾರು ಬದಲಾಯಿಸ್ತಾರೋ ನೋಡ್ತೀನಿ," ಎಂದಳು. ಗುಬ್ಬಿಗೂ ಒಂದು ಪಟ್ಟಿ ಸಿಕ್ಕಿತು. ಅವಳು ಹಟ ಮಾಡಿ ಕೇಳಿ ಹಾಕಿಸಿಕೊಂಡಳು.

ಗಂಟಿನ ಪಟ್ಟಿಯ ಉತ್ತರವೂ ಅದೇ. ಅದರ ಬೆನ್ನಿಗೆ ಎರಡನೇ ಜಾಗದಲ್ಲಿ ಇದ್ದದ್ದು ಗುಬ್ಬಿಯದು.

ತಮ್ಮ ಆ ಕ್ಷಣವೇ ಯಂತ್ರವನ್ನೂ ಫ್ಯಾನನ್ನೂ ನಿಲ್ಲಿಸಿಬಿಟ್ಟ. ದಿನವಿಡೀ ಸಾಲ್ವೆಂಟಿನ ಪಕ್ಕ ನಿಲ್ಲುವವನಿಗಿಂತ ಕಾಲೇಜಿಗೆ ಹೋಗಿಬರುವ ಹುಡುಗಿಗೆ ಹೆಚ್ಚು ತಾಗಿದ್ದು ಹೇಗೆ? ಎಲ್ಲರೂ ಮಹಡಿ ಹತ್ತಿದರು. ಪಟ್ಟಿ ಮೇಡಂ ಕೋಣೆಯನ್ನು ಮೂಲೆ ಮೂಲೆ ನೋಡಿದಳು. ಸಲಾಕೆಗೆ ನೇತುಹಾಕಿದ್ದ, ಈಗಷ್ಟೇ ಯಂತ್ರದಿಂದ ಬಂದ ಬಟ್ಟೆಗಳನ್ನು ಮುಟ್ಟಿ, "ಇವು ಆರುವಾಗಲೂ ಸ್ವಲ್ಪ ಬಿಡುತ್ತವೆ," ಎಂದಳು. ಆದರೆ ಅಷ್ಟೊಂದಲ್ಲ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಹಾಗೆಯೇ ನಿಂತುಬಿಟ್ಟಳು.

"ಅಣ್ಣ, ಈ ಕೊಳವೆ ಎಲ್ಲಿಂದ ಬರ್ತಿದೆ?"

ಹಿಂಗೋಡೆಯ ತಗಡಿನ ಕೊಳವೆ. ಕೆಳಗಿನ ಫ್ಯಾನಿನಿಂದ ಹೊರಟು ಗೋಡೆ ಹಿಡಿದು ಏರಿ, ಅಕ್ಕನ ಕಿಟಕಿಯ ಪಕ್ಕಕ್ಕೇ ಬಂದು ಬಾಯಿ ಬಿಟ್ಟುಕೊಂಡಿತ್ತು. ಓಣಿಯ ಆಚೆ ಬದಿಯ ಎತ್ತರದ ಗೋಡೆ ಗಾಳಿಯನ್ನು ಅತ್ತ ಹೋಗಗೊಡುವುದಿಲ್ಲ.

ಮೇಡಂ ತೆಳುವಾದ ಕಾಗದದ ಚೂರೊಂದನ್ನು ಹರಿದು, ಕಿಟಕಿಯ ಸಂದಿಗೆ ಹಿಡಿದು, "ಫ್ಯಾನ್ ಹಾಕೋಕೆ ಹೇಳಿ," ಎಂದಳು. ಡ್ರಮ್ಮಣ್ಣ ಕೆಳಗೆ ಓಡಿದ. ಫ್ಯಾನು ಗುಂಯ್ ಎಂದಿತು. ಜೋತುಬಿದ್ದಿದ್ದ ಕಾಗದ ಒಮ್ಮೆ ನಡುಗಿತು, ಆಮೇಲೆ ಕೋಣೆಯ ಒಳಕ್ಕೆ ನೆಟ್ಟಗೆ ಎದ್ದು ನಿಂತಿತು. ಯಾರೋ ಒಳಗಿನಿಂದ ಎಳೆಯುತ್ತಿರುವ ಹಾಗೆ.

ಸಿಹಿ ವಾಸನೆ ಬಂತು. ಅಕ್ಕ ಮೂಗೆಳೆದುಕೊಂಡಳು. ಜೀವಮಾನದಲ್ಲಿ ಮೊದಲ ಸಲ ಆ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ತಮ್ಮ ಮಂಚದ ಮೇಲೆ ಕುಸಿದ. "ಕೆಲಸದವರಿಗೆ ತಲೆ ಸುತ್ತಬಾರದು ಅಂತ ಹಾಕ್ಸಿದ್ದು ಅಕ್ಕ. ಕೊಳವೆ ಎಲ್ಲಿಗೆ ಬಿಡೋದು ಅಂತ ಮೇಸ್ತ್ರಿ ಕೇಳಿದಾಗ ನಾನೇ ತೋರಿಸಿದ್ದು. ಇಲ್ಲೇ ಬಿಡು, ಯಾರಿಗೂ ತೊಂದರೆ ಇಲ್ಲ ಅಂದೆ. ಯಾರಿಗೂ ತೊಂದರೆ ಇಲ್ಲ ಅಂದೆನಲ್ಲ!" ಮಗಳ ಕಡೆ ನೋಡಿದವನು ಮುಖ ಮುಚ್ಚಿಕೊಂಡ. "ಇವಳು ತಲೆನೋವು ಅಂದಾಗ ಓದೋಕೆ ಸೋಮಾರಿತನ ಅಂತ ಬೈದೆ."

ತನ್ನ ಕಣ್ಣು ಹೋದದ್ದು ಅಕ್ಕನಿಗೆ ಆ ಗಳಿಗೆಯಲ್ಲಿ ಮರೆತೇಹೋಯಿತು. "ಏಳೋ, ಅಳೋದು ಆಮೇಲೆ. ಮೊದಲು ಇವಳ ಹಾಸಿಗೆ ಎತ್ತು," ಎಂದಳು. ಆ ಮಧ್ಯಾಹ್ನವೇ ಕೋಣೆ ಖಾಲಿಯಾಯಿತು. ಮೇಜು, ಕುರ್ಚಿ, ದಾರದ ಪೆಟ್ಟಿಗೆ, ಗುಬ್ಬಿಯ ಪುಸ್ತಕಗಳು, ಎಲ್ಲ ತಮ್ಮನ ಮನೆಯ ನಡುಮನೆಗೆ ಬಂದವು. ಇಷ್ಟು ವರ್ಷ ಕೊಳೆಗಾಳಿ ಎಂದುಕೊಂಡ ಅಂಗಡಿಯೇ ತನ್ನ ಕೋಣೆಗಿಂತ ಚೊಕ್ಕಟವಾಗಿತ್ತು ಎಂಬುದು ಅವಳಿಗೆ ಅರಗುವ ಮಾತಾಗಿರಲಿಲ್ಲ. ಮಾರನೆಯ ದಿನ ಮೇಸ್ತ್ರಿ ಬಂದು ಕೊಳವೆಯನ್ನು ಚಾವಣಿಗಿಂತ ಎಷ್ಟೋ ಮೇಲಕ್ಕೆ ಏರಿಸುವವರೆಗೂ ಯಂತ್ರ ಮುಟ್ಟಲು ತಮ್ಮ ಯಾರನ್ನೂ ಬಿಡಲಿಲ್ಲ.

ಇಷ್ಟಾದ ಮೇಲೆ ಸ್ಪರ್ಧೆಗೆ ಫಲಿತಾಂಶ ಕಳಿಸುವ ಸಮಯ ಬಂತು. ಪಟ್ಟಿ ಮೇಡಂ ಮತ್ತೆ ಬಂದಳು. ನಡುಮನೆಯಲ್ಲಿ ಕುಳಿತು ಚಹಾದ ಲೋಟ ಕೆಳಗಿಟ್ಟಳು.

"ಅಕ್ಕ, ನಿಮ್ಮ ಹತ್ತಿರ ಮುಚ್ಚಿಡೋದು ಬೇಡ. ನನ್ನ ಜೊತೆಯವರು ಒಂದು ಮಾತು ಹೇಳ್ತಿದ್ದಾರೆ. ಹೋಲಿಕೆಗೆ ಅಂತ ತಗೊಂಡಿದ್ದು ನಿಮ್ಮಂಥ ನಾಲ್ಕು ಜನರನ್ನ. ನಿಮ್ಮೊಬ್ಬರನ್ನ ಬಿಟ್ಟುಬಿಟ್ಟರೆ ಲೆಕ್ಕ ಚೊಕ್ಕವಾಗಿ ಬರುತ್ತೆ, ಗೆಲ್ಲಬಹುದು. ನಿಮ್ಮನ್ನ ಸೇರಿಸಿದ್ರೆ, ಹೋಲಿಕೆಯೇ ಕೆಟ್ಟಿದೆ ಅಂತ ತೀರ್ಪುಗಾರರು ಪಕ್ಕಕ್ಕಿಡ್ತಾರೆ."

ಅಕ್ಕ ದಂಗಾದಳು. ಇಷ್ಟು ದಿನ ಕಂಡದ್ದಕ್ಕಿಂತ ದೊಡ್ಡ ಏಟು ಇನ್ನಿರಲಾರದು ಎಂದುಕೊಂಡಿದ್ದಳು.

"ಬಿಟ್ಟುಬಿಡೋದು ಅಂದ್ರೆ? ನಾನು ಪಟ್ಟಿ ಹಾಕ್ಕೊಳ್ಳಲೇ ಇಲ್ಲ ಅಂತಾನಾ?"

"ಹೆಚ್ಚುಕಮ್ಮಿ ಹಾಗೇ."

"ಮಡಿ ಬಟ್ಟೆ ಬೇಕಾದಾಗ ನಾನು ಬೇಕಿತ್ತು. ಕಲೆ ಕಂಡ ಕೂಡಲೇ ನಾನು ಹುಟ್ಟಿಯೇ ಇಲ್ಲ! ಅಲ್ಲಮ್ಮ, ಯಾರ ಮೈಗೆ ಏನು ತಾಗಿದೆ ಅಂತ ಕಂಡುಹಿಡಿಯೋರಿಗೆ ಬಹುಮಾನ ಅಂದೆ. ಕಂಡುಹಿಡಿದಿದ್ದೀಯ. ಇದಕ್ಕಿಂತ ಇನ್ನೇನು ಕಂಡುಹಿಡೀಬೇಕು?" ಅವಳ ದನಿ ಏರಿ ಒಡೆಯಿತು. "ನನ್ನ ನೀಲಿಯಂತೂ ಹೋಯ್ತು. ಹೋಗಿದೆ ಅನ್ನೋ ಮಾತನ್ನಾದ್ರೂ ಉಳಿಸು."

ಪಟ್ಟಿ ಮೇಡಂ ತಲೆ ತಗ್ಗಿಸಿದಳು. "ಬಿಡಬೇಕು ಅಂತ ಬಂದಿರಲಿಲ್ಲ ಅಕ್ಕ. ಬಿಡಬಾರದು ಅಂತ ಯಾರಾದ್ರೂ ಗಟ್ಟಿಯಾಗಿ ಹೇಳಲಿ ಅಂತ ಬಂದೆ."

ಹಾಗೆ ಅಕ್ಕನನ್ನು ಸೇರಿಸಿಯೇ ಕಳಿಸಿದರು. ಪಟ್ಟಿ ಮೇಡಂ ಹೆದರಿದ್ದೇ ಆಯಿತು. ಬಹುಮಾನ ಬೇರೊಂದು ತಂಡಕ್ಕೆ ಹೋಯಿತು, ಉಸಿರನ್ನು ಪರೀಕ್ಷಿಸುವ ಉಪಕರಣ ಮಾಡಿದವರಿಗೆ. ಸುದ್ದಿ ಕೇಳಿದ ದಿನ ಅಕ್ಕ ಸೂಜಿಯನ್ನೇ ಹಿಡಿಯಲಿಲ್ಲ. ನಿಜ ಹೇಳಿದವರು ಗೆಲ್ಲುತ್ತಾರೆ ಎಂದು ಮಗುವಿನ ಹಾಗೆ ನಂಬಿಕೊಂಡಿದ್ದಳು. "ನಾನು ಬಾಯಿ ಮುಚ್ಚಿಕೊಂಡಿದ್ರೆ ಪಟ್ಟಿ ಮೇಡಂ ಗೆಲ್ತಿದ್ದಳು," ಎಂದು ಮರುದಿನ ಗುಬ್ಬಿಯ ಹತ್ತಿರ ಹೇಳಿಕೊಂಡಳು.

ಆದರೆ ವಿಷಯ ಅಲ್ಲಿಗೇ ನಿಲ್ಲಲಿಲ್ಲ. ತೀರ್ಪುಗಾರರಲ್ಲಿ ಒಬ್ಬರಾದ ಹಿರಿಯ ವೈದ್ಯೆಯ ತಲೆಯಿಂದ ಆ ಒಂದು ಪಟ್ಟಿಯ ಕಥೆ ಹೋಗಿರಲಿಲ್ಲ. ಸೋತ ತಂಡವನ್ನು ಕರೆಸಿಕೊಂಡು, "ಇಂಥ ಅಂಗಡಿಗಳ ಮೇಲೆ ಎಷ್ಟು ಜನ ವಾಸ ಇದ್ದಾರೆ?" ಎಂದು ಕೇಳಿದರಂತೆ. ಪಟ್ಟಿ ಮೇಡಂ ಗೊತ್ತಿಲ್ಲ ಎಂದಳು. "ನನಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಮುಂದಿನ ಸಲದ ಸ್ಪರ್ಧೆಗೆ ಅದನ್ನೇ ಹಿಡಿದುಕೊಂಡು ಬನ್ನಿ," ಎಂದರಂತೆ ಆಕೆ. ಮುಂದಿನ ಸಲದ ಮೊದಲ ಸುತ್ತಿನಲ್ಲಿ ಅವರ ತಂಡಕ್ಕೆ ಹಣ ಬಂತು.

ಗುಬ್ಬಿಯ ತಲೆನೋವು ಕೋಣೆ ಬಿಟ್ಟ ಕೆಲವೇ ವಾರಗಳಲ್ಲಿ ಹೇಳಹೆಸರಿಲ್ಲದಂತಾಯಿತು. ಬಣ್ಣ ಗುರುತಿಸುವ ಅವಳ ಶಕ್ತಿಗೆ ಏನೂ ಆಗಿರಲಿಲ್ಲ. ಅಕ್ಕನದು ಅಷ್ಟು ಸುಲಭವಾಗಲಿಲ್ಲ. ಹಗಲು ಬೆಳಕಿನಲ್ಲಿ ತಿಳಿನೀಲಿ ಒಂದಿಷ್ಟು ಹಿಂದಿರುಗಿತು. ಕಡುನೀಲಿ ಮರಳಿ ಬರಲೇ ಇಲ್ಲ, ಬರುತ್ತದೆಂದು ಡಾಕ್ಟರೂ ಹೇಳಲಿಲ್ಲ. ಕಪ್ಪು, ಬಿಳಿ, ಕಂದು ಬಟ್ಟೆಗಳನ್ನು ಈಗಲೂ ಅವಳೇ ಮಾಡುತ್ತಾಳೆ. ನೀಲಿ ಬಂದರೆ ಗುಬ್ಬಿ ದಾರ ಆರಿಸಿ ಕೊಡಬೇಕು. ಹಳೆಯ ಯಂತ್ರ ಮಾರಿ, ಹೊಗೆ ಹೊರಗೆ ಬಿಡದ ಹೊಸದನ್ನು ತಮ್ಮ ತಂದಿದ್ದಾನೆ. ಅಕ್ಕನ ಮುಂದೆ ಕೂತಾಗ ಈಗಲೂ ಅವನು ಕಣ್ಣು ಎತ್ತಿ ಮಾತಾಡುವುದು ಕಡಿಮೆ. ಅವಳು ಬೈದರೆ ಹಗುರಾಗುತ್ತಾನೇನೋ ಎಂದು ಅವಳೂ ಬೇಕೆಂದೇ ಸಣ್ಣಪುಟ್ಟದ್ದಕ್ಕೆಲ್ಲ ಬೈಯುತ್ತಾಳೆ.

ಹೊಸ ಸುತ್ತಿನ ಕೆಲಸಕ್ಕೆ ಪಟ್ಟಿ ಮೇಡಂ ಅವಳನ್ನೂ ಕರೆದೊಯ್ಯುತ್ತಾಳೆ. ಒಬ್ಬಳೇ ಹೋದರೆ ಜನ ಅರ್ಧ ಬಾಗಿಲು ತೆರೆದು ಹಾಗೇ ಮುಚ್ಚಿಬಿಡುತ್ತಾರೆ. ಅಕ್ಕನನ್ನು ಕಂಡರೆ ಒಳಗೆ ಕರೆಯುತ್ತಾರೆ. ಹಾಗೆ ಮೊದಲು ಹೋದದ್ದು ಊರಿನ ಇನ್ನೊಂದು ತುದಿಯ ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಮನೆಗೆ. ಅಲ್ಲಿ ಇದ್ದವರು ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಹೆಂಡತಿ ಈಚೆಗೆ ನಡೆಯುವಾಗ ಓಲಾಡುತ್ತಾರೆ, ಕಾರಣ ತಿಳಿಯುತ್ತಿಲ್ಲ ಎಂದು ಮೇಷ್ಟ್ರು ಮಾತಿನ ನಡುವೆ ತಾವಾಗಿಯೇ ಹೇಳಿದರು.

ಪಟ್ಟಿಯ ವಿಷಯ ತೆಗೆದಾಗ ಮಾತ್ರ ಅವರಿಗೆ ನಗು ಬಂತು. "ನಮಗ್ಯಾಕಮ್ಮ ಇದು? ನಾವು ಆ ಅಂಗಡಿಯ ಮೆಟ್ಟಿಲೂ ತುಳಿದೋರಲ್ಲ."

ಅಕ್ಕನಿಗೆ ತನ್ನದೇ ಮಾತು ಬೇರೊಬ್ಬರ ಬಾಯಿಂದ ಕೇಳಿದ ಹಾಗಿತ್ತು. ಒಳಕೋಣೆಯಿಂದ ಮೇಷ್ಟ್ರ ಹೆಂಡತಿ ಗೋಡೆ ಹಿಡಿದುಕೊಂಡು ಬರುತ್ತಿದ್ದುದು ಕಾಣಿಸಿತು. ಅಕ್ಕ ಎದ್ದು ಹೋಗಿ ಅವರ ಕೈ ಹಿಡಿದು ತಂದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.

"ನಾನೂ ತುಳಿದೋಳಲ್ಲ ಮೇಷ್ಟ್ರೇ," ಎಂದು ಶುರುಮಾಡಿದಳು, "ನನಗೇನಾಯ್ತು ಅಂತ ಹೇಳ್ತೀನಿ, ಕೇಳಿ. ಆಮೇಲೂ ಬೇಡ ಅನ್ನಿಸಿದ್ರೆ ಎದ್ದು ಹೋಗ್ತೀವಿ."

ಅವಳು ವಕೀಲರ ಕೋಟಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಕಾಗದದ ಚೂರು ಎದ್ದು ನಿಂತ ಕಡೆಗೆ ಬರುವಷ್ಟರಲ್ಲಿ ಮೇಷ್ಟ್ರ ಮುಖದ ನಗು ಎಲ್ಲಿ ಹೋಯಿತೋ. ಅವರು ಎದ್ದು ಹಿಂದಿನ ಕಿಟಕಿಯ ಹತ್ತಿರ ಹೋಗಿ ಹೊರಗೆ ಬಗ್ಗಿ ನೋಡಿದರು. ಕೈಯಳತೆಯಲ್ಲೇ ಒಂದು ತಗಡಿನ ಕೊಳವೆ ಬಾಯಿ ಬಿಟ್ಟುಕೊಂಡಿತ್ತು. ತಿರುಗಿ ಬಂದು ಹೆಂಡತಿಯ ಕೈಯನ್ನು ತಾವೇ ಎತ್ತಿ ಪಟ್ಟಿ ಮೇಡಂ ಮುಂದೆ ಹಿಡಿದರು.